ಮೈಕ್ ಮೇಷ್ಟ್ರಿಗೆ ಫಲಕ ಆಮೇಲೆ ಕೊಡಿ, ಮೊದಲು ಸ್ಪೀಕರ್ ಸರಿಮಾಡಿಸಿ

ಕ್ರೀಡಾಂಗಣದ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,

ನಮಸ್ಕಾರ.

ಈ ಸೀಸನ್ನಿನ ಕೊನೆಯ ಪಂದ್ಯದ ದಿನ, ಇಲ್ಲಿ ಪಂದ್ಯಗಳ ಅನೌನ್ಸ್‌ಮೆಂಟ್ ಮಾಡುವ ನಮ್ಮ ಮೈಕ್ ಮೇಷ್ಟ್ರು ನಿವೃತ್ತರಾಗುತ್ತಾರೆ, ಹಾಫ್ ಟೈಮಿನಲ್ಲಿ ಅವರನ್ನು ಮೈದಾನಕ್ಕೆ ಕರೆಸಿ ನೆನಪಿನ ಫಲಕ ಕೊಡುತ್ತೀರಿ ಎಂದು ಗೇಟಿನ ಬಳಿ ಅಂಟಿಸಿದ ನೋಟಿಸಿನಲ್ಲಿ ಓದಿದೆ. ಅದೇ ನೋಟಿಸಿನ ಕೆಳಗಡೆ, ಸಣ್ಣ ಅಕ್ಷರದಲ್ಲಿ, ಮುಂದಿನ ಸೀಸನ್ನಿಂದ ಎಲ್ಲ ಅನೌನ್ಸ್‌ಮೆಂಟ್‌ಗಳನ್ನೂ ಮೊದಲೇ ತಯಾರಿಸಿದ ಕಂಪ್ಯೂಟರ್ ದನಿಯಲ್ಲಿ ಕೇಳಿಸಲಾಗುವುದು ಅಂತಲೂ ಇದೆ. ಮೇಲಿನ ಸಾಲು ಓದಿ ಖುಷಿಯಾಯಿತು. ಕೆಳಗಿನ ಸಾಲು ಓದಿದ ಮೇಲೆ ಈ ಪತ್ರ ಬರೆಯಲು ಕೂತೆ.

ನಾನು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹನ್ನೆರಡನೇ ವಯಸ್ಸಿನಲ್ಲಿ ನಾನು ಇಲ್ಲಿ ಚೀಟಿ ಹುಡುಗನಾಗಿದ್ದೆ. ಗೋಲು ಹೊಡೆದವರು ಯಾರು, ಯಾರ ಬದಲಿಗೆ ಯಾರು ಇಳಿದರು, ಎಷ್ಟನೇ ನಿಮಿಷ, ಇದನ್ನೆಲ್ಲ ಟೇಬಲ್ಲಿನವರು ಚೀಟಿಯಲ್ಲಿ ಗೀಚಿ ಕೊಡುತ್ತಿದ್ದರು. ನಾನು ಅದನ್ನು ಹಿಡಿದುಕೊಂಡು ಹದಿನಾಲ್ಕು ಮೆಟ್ಟಿಲು ಹತ್ತಿ ಮೈಕ್ ರೂಮಿಗೆ ಓಡುತ್ತಿದ್ದೆ. ಆ ಮೆಟ್ಟಿಲಿಗೆ ಆಗಲೂ ದೀಪ ಇರಲಿಲ್ಲ, ಈಗಲೂ ಇಲ್ಲ. ಆಮೇಲೆ ವಾಕಿಟಾಕಿ ಬಂತು, ಚೀಟಿ ಹುಡುಗರ ಕೆಲಸ ಮುಗಿಯಿತು. ನಾನು ಟಿಕೆಟ್ ಕೊಂಡು ಪೂರ್ವದ ಗ್ಯಾಲರಿಯಲ್ಲಿ ಹೋಗಿ ಕೂತೆ. ಇವತ್ತಿಗೂ ಅಲ್ಲೇ ಕೂರುತ್ತೇನೆ.

ಮೈಕ್ ರೂಮು ಅಂದರೆ ದೊಡ್ಡದೇನಲ್ಲ. ಒಂದು ಮೇಜು, ಎರಡು ಸ್ಟೂಲು, ಪಕ್ಕಕ್ಕೆ ಜಾರಿಸುವ ಕಿಟಕಿ, ಮೂಲೆಯಲ್ಲಿ ಕಾದು ಕೂತ ಆಂಪ್ಲಿಫೈಯರ್. ಮೇಜಿನ ಮೇಲೆ ಮೇಷ್ಟ್ರ ನೋಟ್‌ಬುಕ್ಕು. ಒಂದು ತುಂಬಿದರೆ ಇನ್ನೊಂದು. ಹೀಗೆ ಎಷ್ಟೋ ನೋಟ್‌ಬುಕ್ಕುಗಳು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಕಿಟಕಿಯ ಕೆಳಗೆ ಕೂತಿವೆ. ನಿಮ್ಮಲ್ಲಿ ಯಾರಾದರೂ ಬಿಚ್ಚಿ ನೋಡಿದ್ದೀರಾ? ಎಡಗಡೆ ಆಟಗಾರರ ನಂಬರು ಮತ್ತು ಹೆಸರು. ಬಲಗಡೆ ಅದೇ ಹೆಸರು ಬಿಡಿಬಿಡಿಯಾಗಿ. ಎಳೆಯುವ ಕಡೆ ಅಡ್ಡಗೆರೆ, ಒತ್ತುವ ಕಡೆ ಚುಕ್ಕೆ, ಉಸಿರು ತಗೊಳ್ಳುವ ಕಡೆ ಸಣ್ಣ ಕೊಕ್ಕೆ. ಎಲ್ಲ ಪೆನ್ಸಿಲಿನಲ್ಲೇ. ಒಬ್ಬ ಗೋಲ್‌ಕೀಪರನ ಹೆಸರನ್ನು ಅಳಿಸಿ ಅಳಿಸಿ ಬರೆದು ಅಲ್ಲಿ ಕಾಗದವೇ ತೂತಾಗಿದೆ.

ಹೊರಗಿನ ತಂಡ ಬಂದ ದಿನ ಅವರು ಒಂದು ಗಂಟೆ ಮೊದಲೇ ಡ್ರೆಸ್ಸಿಂಗ್ ರೂಮಿನ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದರು. ಒಬ್ಬೊಬ್ಬರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ಮನೇಲಿ ಅಮ್ಮ ನಿಮ್ಮ ಹೆಸರನ್ನ ಹೇಗೆ ಕರೀತಾರೆ?' ಆಟಗಾರರು ನಗುತ್ತಿದ್ದರು. ಆಮೇಲೆ ಹೇಳುತ್ತಿದ್ದರು. ಪತ್ರಿಕೆಯಲ್ಲಿ, ಪಟ್ಟಿಯಲ್ಲಿ, ಸರ್ಟಿಫಿಕೇಟಿನಲ್ಲಿ ಇರುವ ಹೆಸರೇ ಬೇರೆ, ಅಮ್ಮ ಕರೆಯುವ ಹೆಸರೇ ಬೇರೆ ಅಂತ ನನಗೆ ಗೊತ್ತಾಗಿದ್ದು ಆ ಬಾಗಿಲಲ್ಲಿ ನಿಂತಾಗ.

ಇದು ನಮ್ಮ ಮೇಷ್ಟ್ರೊಬ್ಬರ ಹುಚ್ಚು ಅಂದುಕೊಂಡಿದ್ದೆ. ಅಲ್ಲವಂತೆ. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ಬಾಬ್ ಶೆಪರ್ಡ್ ಎಂಬುವವರು 1951ರಿಂದ 2007ರವರೆಗೆ ಬೇಸ್‌ಬಾಲ್ ಪಂದ್ಯಗಳಿಗೆ ಮೈಕ್ ಹಿಡಿದಿದ್ದರು. ನಾಲ್ಕೂವರೆ ಸಾವಿರಕ್ಕೂ ಜಾಸ್ತಿ ಪಂದ್ಯ. ಅವರೂ ಮೇಷ್ಟ್ರೇ, ಮಾತುಗಾರಿಕೆ ಕಲಿಸುವ ಮೇಷ್ಟ್ರು. ಹೊಸ ಆಟಗಾರ ಬಂದರೆ ಹೆಸರು ಹೇಳುವುದು ಹೇಗೆ ಅಂತ ಅವನನ್ನೇ ಕೇಳಿ ತಿಳಿದುಕೊಳ್ಳುತ್ತಿದ್ದರು. ಸ್ಪಷ್ಟವಾಗಿರಬೇಕು, ಚಿಕ್ಕದಾಗಿರಬೇಕು, ಸರಿಯಾಗಿರಬೇಕು, ಇಷ್ಟೇ ಅವರ ನಿಯಮ. ಆಟಗಾರ ರೆಗಿ ಜಾಕ್ಸನ್ ಅವರು ಶೆಪರ್ಡ್ ದನಿಯನ್ನು 'ದೇವರ ದನಿ' ಅಂದರು, ಆ ಹೆಸರೇ ನಿಂತುಹೋಯಿತು. ನಮ್ಮ ಮೇಷ್ಟ್ರದು ದೇವರ ದನಿಯೇನಲ್ಲ ಬಿಡಿ. ನೆಗಡಿಯಾದಾಗ ಅವರ 'ಮ'ಗಳೆಲ್ಲ 'ಬ' ಆಗುತ್ತವೆ. ಆದರೆ ಹೆಸರು ಮಾತ್ರ ತಪ್ಪುವುದಿಲ್ಲ.

ಮೈಕಿನಲ್ಲಿ ಹೆಸರು ಓದೋದು ಏನು ಮಹಾ ಕೆಲಸ ಅಂತ ನಿಮಗೆ ಅನ್ನಿಸಿರಬಹುದು. ನನಗೂ ಅನ್ನಿಸಿತ್ತು. ಒಂದು ದಿನ ಪಂದ್ಯಕ್ಕೆ ಮುಂಚೆ, ಸ್ಟೇಡಿಯಂ ಖಾಲಿ ಇದ್ದಾಗ, ಮೇಷ್ಟ್ರು 'ಟೆಸ್ಟಿಂಗ್ ನೀನೇ ಮಾಡೋ' ಅಂತ ಸ್ಟೂಲು ಬಿಟ್ಟುಕೊಟ್ಟರು. ನಾನು ಗುಂಡಿ ಒತ್ತಿ ಜೋರಾಗಿ 'ಒಂದು, ಎರಡು, ಮೂರು' ಅಂದೆ. 'ಎರಡು' ಅನ್ನುವಷ್ಟರಲ್ಲಿ ಎದುರಿನ ಗ್ಯಾಲರಿಯಿಂದ ನನ್ನದೇ 'ಒಂದು' ವಾಪಸ್ ಬಂತು. ನಾಲಿಗೆ ತೊಡರಿಕೊಂಡಿತು. 'ಮೂ... ಮೂ...' ಅಂತ ತೊದಲಿದೆ. ಅದೂ ಅಷ್ಟೇ ಜೋರಾಗಿ ವಾಪಸ್ ಬಂತು. ಹುಲ್ಲು ಕತ್ತರಿಸುತ್ತಿದ್ದವರು ಮಷೀನು ನಿಲ್ಲಿಸಿ ನಕ್ಕರು.

ಯಾಕೆ ಹೀಗೆ ಅಂತ ಮೇಷ್ಟ್ರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರು 170 ಮೀಟರ್ ದೂರ ಇದ್ದರೆ ನಿಮ್ಮ ಮಾತು ನಿಮಗೇ ಅರ್ಧ ಸೆಕೆಂಡ್ ತಡವಾಗಿ ಕೇಳಿಸುತ್ತದೆ. ತನ್ನ ದನಿಯೇ ಹೀಗೆ ತುಸು ತಡವಾಗಿ ಕಿವಿಗೆ ಬಿದ್ದರೆ ಮನುಷ್ಯ ತೊದಲುತ್ತಾನೆ, ಇಲ್ಲವೇ ಎಳೆಯುತ್ತಾನೆ. ಒಂದು ಸೆಕೆಂಡಿನ ಐದನೇ ಒಂದು ಭಾಗ ತಡವಾದರೂ ಸಾಕು. ಅದಕ್ಕೇ ಅನುಭವ ಇರುವ ಅನೌನ್ಸರುಗಳು ಒಂದು ತುಂಡು ಹೇಳಿ, ಅದು ಮೈದಾನ ದಾಟಿ ಸಾಯುವವರೆಗೂ ಕಾದು, ಮುಂದಿನ ತುಂಡು ಹೇಳುತ್ತಾರೆ. ನಂಬರು. ತಡೆ. ಹೆಸರು. ತಡೆ. ಇದನ್ನು ಸ್ಟೈಲು ಅಂತ ಜನ ಅಂದುಕೊಳ್ಳುತ್ತಾರೆ. ಅದು ಆ ಕಟ್ಟಡ ಕಲಿಸಿದ ಪಾಠ. ಮೇಷ್ಟ್ರಿಗೆ ನಮ್ಮ ಸ್ಟೇಡಿಯಂನ ತಡೆ ಎಷ್ಟು ಅಂತ ಮೈಗೇ ಗೊತ್ತು. ಜನ ತುಂಬಿದಾಗ ಪ್ರತಿಧ್ವನಿ ಕಮ್ಮಿಯಾಗುತ್ತದೆ, ಆಗ ಸ್ವಲ್ಪ ಬೇಗ ಹೇಳುತ್ತಾರೆ. ಖಾಲಿ ಇದ್ದಾಗ ನಿಧಾನ.

ಇಲ್ಲೇ ನನ್ನ ದೂರು ಇರುವುದು. ಪೂರ್ವದ ಗ್ಯಾಲರಿಯ ಎರಡು ಹಾರ್ನ್ ಸ್ಪೀಕರುಗಳು ವರ್ಷಗಳಿಂದ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮೇಷ್ಟ್ರು ಒಂದು ಹೆಸರು ಹೇಳಿದರೆ ನಮಗೆ ಒಂದೂವರೆ ಹೆಸರು ಕೇಳಿಸುತ್ತದೆ. ದೂರದ ಸ್ಪೀಕರಿಗೂ ಹತ್ತಿರದ ಸ್ಪೀಕರಿಗೂ ಹೊಂದಿಕೆಯಾಗುವ ಹಾಗೆ ದನಿಯನ್ನು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ತಡೆದು ಬಿಡುವ ಸಾಧನಗಳು ಈಗ ಎಷ್ಟೋ ದೊಡ್ಡ ಸ್ಟೇಡಿಯಂಗಳಲ್ಲಿ ಇವೆ. ಮೇಷ್ಟ್ರು ಇದನ್ನು ಮೂರು ಸಲ ಬರೆದುಕೊಟ್ಟಿದ್ದಾರೆ. ಉತ್ತರ ಬರಲಿಲ್ಲ. ಒಬ್ಬ ಮನುಷ್ಯ ಮೂವತ್ತಕ್ಕೂ ಜಾಸ್ತಿ ವರ್ಷ ಹೆಸರುಗಳನ್ನು ಹೀಗೆ ತಿದ್ದಿ ತೀಡಿ ಹೇಳಿದ್ದಾನೆ, ಮೈದಾನದ ಕಾಲು ಭಾಗಕ್ಕೆ ಅದು ಸರಿಯಾಗಿ ಮುಟ್ಟಿಲ್ಲ. ಈಗ ಅವರಿಗೆ ಫಲಕ ಕೊಡುತ್ತೀರಿ. ಕೊಡಿ. ಕೊಡುವಾಗ ಅವರ ಬಗ್ಗೆ ನೀವು ಆಡುವ ಒಳ್ಳೆಯ ಮಾತೂ ನಮಗೆ ಒಂದೂವರೆಯಾಗಿಯೇ ಕೇಳಿಸುತ್ತದೆ, ನೆನಪಿರಲಿ.

ಫ್ಲಡ್‌ಲೈಟ್ ಹೋದ ರಾತ್ರಿಯ ವಿಷಯ ನಿಮ್ಮಲ್ಲಿ ಹಳಬರಿಗೆ ಗೊತ್ತಿರಬಹುದು. ಎರಡನೇ ಅರ್ಧದಲ್ಲಿ ಇಡೀ ಸ್ಟೇಡಿಯಂ ಕತ್ತಲಾಯಿತು. ಮೈಕೂ ಸತ್ತಿತು. ಎಲ್ಲೋ ಒಂದು ಮಗು ಕಿರುಚಿತು, ನಮ್ಮ ಹಿಂದಿನ ಸಾಲಿನವರು ಎದ್ದು ನಿಂತರು. ಆಗ ಕೆಳಗೆ ಟ್ರ್ಯಾಕಿನ ಮೇಲೆ ಒಂದು ಟಾರ್ಚ್ ಕಾಣಿಸಿತು. ಮೇಷ್ಟ್ರು ಬ್ಯಾಟರಿಯ ಕೈಮೈಕ್ ಹಿಡಿದು ಗ್ಯಾಲರಿಯಿಂದ ಗ್ಯಾಲರಿಗೆ ನಡೆಯುತ್ತಿದ್ದರು. 'ಗಾಬರಿಯಾಗಬೇಡಿ' ಅಂತ ಅವರು ಒಂದು ಸಲವೂ ಹೇಳಲಿಲ್ಲ. ಆ ಮಾತು ಕೇಳಿದರೇ ಜನ ಗಾಬರಿಯಾಗುತ್ತಾರೆ ಅಂತ ಆಮೇಲೆ ನನಗೆ ಹೇಳಿದರು. ಅವತ್ತು ಹೇಳಿದ್ದು ಇಷ್ಟು: 'ಕರೆಂಟ್ ಹೋಗಿದೆ. ಮೆಟ್ಟಿಲು ಕಾಣಿಸುವುದಿಲ್ಲ, ಕೂತಲ್ಲೇ ಕೂತಿರಿ. ಹತ್ತು ನಿಮಿಷಕ್ಕೆ ನಾನೇ ಮತ್ತೆ ಬಂದು ಏನಾಗಿದೆ ಅಂತ ಹೇಳುತ್ತೇನೆ.' ಹತ್ತು ನಿಮಿಷಕ್ಕೆ ಬಂದರು. 'ಇನ್ನೂ ಸರಿಯಾಗಿಲ್ಲ. ಇನ್ನೈದು ನಿಮಿಷ ನೋಡೋಣ.' ಕರೆಂಟ್ ಬರಲಿಲ್ಲ, ಆದರೆ ಅವರು ಬಂದರಲ್ಲ, ಜನ ಕೂತೇ ಇದ್ದರು. ಕೊನೆಗೆ ಟಾರ್ಚ್ ಬೆಳಕಿನಲ್ಲಿ ಒಂದೊಂದೇ ಸಾಲು ಇಳಿಸಿ ಕಳಿಸಿದರು. ಯಾರಿಗೂ ತರಚಿದ ಗಾಯವೂ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಗುರುತಿನ ದನಿಯೊಂದಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ಬೇರೆ ಊರುಗಳ ಕಥೆಗಳೂ ಇವೆ. 1970ರ ಆಗಸ್ಟಿನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಬೇಸ್‌ಬಾಲ್ ಪಂದ್ಯದ ನಡುವೆ ಬಾಂಬ್ ಬೆದರಿಕೆ ಬಂತು. ಅನೌನ್ಸರ್ ಬಾಬ್ ಕೇಸಿ ಮೈಕಿನಲ್ಲಿ ಹೇಳಿ ಹದಿನೇಳು ಸಾವಿರಕ್ಕೂ ಜಾಸ್ತಿ ಜನರನ್ನು ಗ್ಯಾಲರಿಯಿಂದ ಹೊರಗೆ ಕಳಿಸಿದರು. ಬಾಂಬ್ ಇರಲಿಲ್ಲ. ಜನ ವಾಪಸ್ ಬಂದು ಕೂತು ಪಂದ್ಯ ಪೂರ್ತಿ ನೋಡಿದರು. 2015ರ ನವೆಂಬರ್ 13ರಂದು ಪ್ಯಾರಿಸ್ಸಿನ ಸ್ಟಾದ್ ದ ಫ್ರಾನ್ಸ್‌ನಲ್ಲಿ ಫ್ರಾನ್ಸ್–ಜರ್ಮನಿ ಪಂದ್ಯ ನಡೆಯುವಾಗ ಹೊರಗೆ ನಿಜವಾದ ಸ್ಫೋಟಗಳೇ ಆದವು. ಪಂದ್ಯ ನಿಲ್ಲಿಸಲಿಲ್ಲ. ಮುಗಿದ ಮೇಲೆ ಯಾವ ಗೇಟಿನಿಂದ ಹೋಗಬೇಕು ಅಂತ ಮೈಕಿನಲ್ಲೇ ಹೇಳಿದರು. ಎಷ್ಟೋ ಜನ ಮೈದಾನಕ್ಕೆ ಇಳಿದು ಹುಲ್ಲಿನ ಮೇಲೆ ನಿಂತು ಕಾದರು. ಮೊದಲೇ ತಯಾರಿಸಿದ ಸಂದೇಶಗಳಲ್ಲಿ 'ಹತ್ತು ನಿಮಿಷಕ್ಕೆ ನಾನೇ ಬರುತ್ತೇನೆ' ಅನ್ನುವ ಸಾಲು ಇರುತ್ತದಾ? ಇದ್ದರೂ ಬರುವವರು ಯಾರು?

ತಪ್ಪಿಸಿಕೊಂಡ ಮಕ್ಕಳ ವಿಷಯದಲ್ಲಿ ಮೇಷ್ಟ್ರದು ಒಂದು ಕಟ್ಟುನಿಟ್ಟು. ಮಗುವಿನ ಹೆಸರನ್ನು ಮೈಕಿನಲ್ಲಿ ಹೇಳುವುದೇ ಇಲ್ಲ. 'ಒಂದು ಮಗು ನಮ್ಮ ಹತ್ತಿರ ಇದೆ, ಕಳಕೊಂಡವರು ಬನ್ನಿ' ಅಷ್ಟೇ. ಬಂದವರೇ ಹೆಸರು ಹೇಳಬೇಕು, ಬಟ್ಟೆ ಬಣ್ಣ ಹೇಳಬೇಕು. ಎರಡನೇ ಸ್ಟೂಲು ಇರುವುದೇ ಆ ಮಕ್ಕಳಿಗೆ. ನಾನು ಚೀಟಿ ತಂದಾಗ ಎಷ್ಟೋ ಸಲ ಅಲ್ಲೊಂದು ಪುಟ್ಟ ಮಗು ಅತ್ತು ಕೆಂಪಾದ ಮುಖದಲ್ಲಿ ಕಾಲು ಆಡಿಸುತ್ತಾ ಕೂತಿರುತ್ತಿತ್ತು, ಕೈಯಲ್ಲಿ ಮೇಷ್ಟ್ರ ಪೆನ್ಸಿಲು.

ಅವರು ಪಕ್ಷಪಾತ ಮಾಡುವುದಿಲ್ಲ ಅನ್ನುವುದು ನಮ್ಮಲ್ಲಿ ಕೆಲವರಿಗೆ ಸಿಟ್ಟು ತರಿಸುತ್ತದೆ. ನಮ್ಮ ತಂಡ ಗೋಲು ಹೊಡೆದಾಗಲೂ ಎದುರಾಳಿ ಹೊಡೆದಾಗಲೂ ಒಂದೇ ದನಿ. ನನಗೂ ಚಿಕ್ಕಂದಿನಲ್ಲಿ ಸಪ್ಪೆ ಅನ್ನಿಸುತ್ತಿತ್ತು. ಎಲ್ಲರೂ ಹಾಗೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ನಾರ್ಬರ್ಟ್ ಡಿಕೆಲ್ ಮೈಕಿನಲ್ಲಿ ಆಟಗಾರನ ಮೊದಲ ಹೆಸರು ಕೂಗಿದರೆ ಉಳಿದರ್ಧವನ್ನು ಗ್ಯಾಲರಿಯೇ ಕೂಗುತ್ತದೆ. ಅವರು ಅದೇ ತಂಡಕ್ಕೆ ಆಡಿದವರು. 1989ರ ಜರ್ಮನ್ ಕಪ್ ಫೈನಲ್ಲಿನಲ್ಲಿ ಎರಡು ಗೋಲು ಹೊಡೆದರು, ಮಂಡಿ ಪೆಟ್ಟಿನಿಂದ ಆಟ ಬಿಟ್ಟು ಆಮೇಲೆ ಮೈಕ್ ಹಿಡಿದರು. ಅವರು ಕಿರುಚದೆ ಇರುವುದಾದರೂ ಹೇಗೆ?

ನಿಮ್ಮ ತಲೆಯಲ್ಲಿ ಏಳುವ ಪ್ರಶ್ನೆ ನನಗೆ ಗೊತ್ತು. ಈಗ ದೊಡ್ಡ ಪರದೆ ಇದೆ, ಎಲ್ಲರ ಕೈಯಲ್ಲೂ ಫೋನಿದೆ, ಮೈಕಿನಿಂದ ತಿಳಿಯುವುದು ಏನಿದೆ? ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ಒಂದು ಹಳೇ ಕಥೆ. 1954ರ ಮೇ 6, ಆಕ್ಸ್‌ಫರ್ಡಿನ ಇಫ್ಲಿ ರೋಡ್ ಟ್ರ್ಯಾಕ್. ಸುಮಾರು ಮೂರು ಸಾವಿರ ಜನ. ರೋಜರ್ ಬ್ಯಾನಿಸ್ಟರ್ ಒಂದು ಮೈಲಿ ಓಡಿ ಗೆರೆ ದಾಟಿ ಕುಸಿದಿದ್ದಾರೆ. ನಾಲ್ಕು ನಿಮಿಷದ ಒಳಗೆ ಮೈಲಿ ಓಡಿದವರು ಅಲ್ಲಿಯವರೆಗೂ ಯಾರೂ ಇಲ್ಲ. ಮೈಕಿನ ಮುಂದೆ ನಾರಿಸ್ ಮ್ಯಾಕ್‌ವರ್ಟರ್, ಮುಂದಿನ ವರ್ಷ ಬಂದ ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ತನ್ನ ಅವಳಿಯ ಜೊತೆ ಸೇರಿ ಮಾಡಿದವರು. ಸಮಯ ಎಷ್ಟು ಅಂತ ಅವರಿಗೆ ಗೊತ್ತು, ಜನಕ್ಕೆ ಗೊತ್ತಿಲ್ಲ. ಅವರು ಅವಸರ ಮಾಡಲಿಲ್ಲ. ಒಂಬತ್ತನೇ ಸ್ಪರ್ಧೆಯ ಫಲಿತಾಂಶ ಅಂದರು. ಮೊದಲನೆಯವರು ನಲವತ್ತೊಂದನೇ ನಂಬರು ಅಂದರು. ಹೆಸರು, ಕ್ಲಬ್ಬು, ಓದಿದ ಕಾಲೇಜು. ಇದು ಈ ಕೂಟದ ದಾಖಲೆ, ಈ ಟ್ರ್ಯಾಕಿನ ದಾಖಲೆ, ಒಪ್ಪಿಗೆ ಸಿಕ್ಕಿದರೆ ಇಂಗ್ಲೆಂಡಿನ, ಬ್ರಿಟನ್ನಿನ, ಯುರೋಪಿನ, ವಿಶ್ವದ ದಾಖಲೆ ಅಂದರು. ಆಮೇಲೆ 'ಸಮಯ, ಮೂರು...' ಅಂದರು.

ಅಷ್ಟೇ. '59.4 ಸೆಕೆಂಡು' ಅನ್ನುವ ಉಳಿದ ಮಾತು ಗದ್ದಲದಲ್ಲಿ ಮುಳುಗಿಹೋಯಿತು.

ಪರದೆಯ ಮೇಲೆ 3:59.4 ಅಂತ ಒಟ್ಟಿಗೇ ಮೂಡಿದ್ದರೆ ಈ 'ಮೂರು' ಎಲ್ಲಿ ಸಿಗುತ್ತಿತ್ತು, ನೀವೇ ಹೇಳಿ. 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನೂರು ಅಂಕ ಹೊಡೆದಾಗಲೂ ಹೀಗೇ. ಕೊನೆಯ ಹೊತ್ತಿನಲ್ಲಿ ಅನೌನ್ಸರ್ ಡೇವ್ ಜಿಂಕಾಫ್ ಪ್ರತಿ ಬುಟ್ಟಿಗೂ ಒಟ್ಟು ಎಷ್ಟಾಯಿತು ಅಂತ ಕೂಗಿ ಹೇಳಲು ಶುರು ಮಾಡಿದರು. ನಾಲ್ಕು ಸಾವಿರ ಜನ ಆ ಲೆಕ್ಕದ ಹಿಂದೆ ಬಿದ್ದರು. ಆ ಪಂದ್ಯದ ಟಿವಿ ಚಿತ್ರ ಇಲ್ಲ. ಜಿಂಕಾಫ್ ತೀರಿಕೊಂಡ ಮೇಲೆ ಫಿಲಡೆಲ್ಫಿಯಾದ ತಂಡ ದೊಡ್ಡ ಆಟಗಾರರ ಜೆರ್ಸಿ ನಂಬರ್ ತೂಗುಹಾಕುವ ಸಾಲಿನಲ್ಲೇ ಅವರ ಮೈಕಿನ ಚಿತ್ರದ ಬಾವುಟವನ್ನೂ ತೂಗುಹಾಕಿತು. ತೀರಿಕೊಂಡ ಮೇಲೆ ಅನ್ನುವುದನ್ನು ಗಮನಿಸಿ.

ಗೌರವದ ವಿಷಯದಲ್ಲಿ ಈ ಕೆಲಸದವರು ಮೊದಲಿನಿಂದಲೂ ಸಾಲಿನ ಕೊನೆಯಲ್ಲೇ. ದೊಡ್ಡ ಆಟಗಾರರನ್ನು ಗೌರವಿಸುವ ಮ್ಯೂಸಿಯಂ ಆದ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಪತ್ರಕರ್ತರಿಗೆ 1962ರಿಂದ ಒಂದು ಪ್ರಶಸ್ತಿ ಇದೆ, ರೇಡಿಯೋ ಟಿವಿಯವರಿಗೆ 1978ರಿಂದ ಇನ್ನೊಂದು. ಮೈದಾನದ ಮೈಕಿನವರಿಗೆ ಅಂಥದ್ದಿಲ್ಲ. ಶೆಪರ್ಡ್ ಅವರ ಮೈಕನ್ನೇನೋ ಅಲ್ಲಿ ತೆಗೆದಿಟ್ಟಿದ್ದಾರೆ. ಕಾರಣ ನನಗೆ ಅರ್ಥವಾಗುತ್ತದೆ. ಟಿವಿಯವರ ಮಾತು ಮನೆಮನೆಗೆ ಹೋಗುತ್ತದೆ, ರೆಕಾರ್ಡ್ ಆಗುತ್ತದೆ. ಇವರ ಮಾತು ಆ ಹೊತ್ತಿಗೆ ಅಲ್ಲಿ ಕೂತವರಿಗೆ ಮಾತ್ರ.

ರೆಕಾರ್ಡಿಂಗ್ ವಿಷಯಕ್ಕೆ ಬಂದೆ. ಅದೇ ಶೆಪರ್ಡ್ ಉದಾಹರಣೆ ಕೊಟ್ಟು ನೀವು ನನ್ನನ್ನು ಹಿಡಿಯಬಹುದು. ಅವರಿಗೆ ಆರೋಗ್ಯ ಕೆಟ್ಟು ಬರಲಾಗದೇ ಹೋದಾಗ ಆಟಗಾರ ಡೆರೆಕ್ ಜೀಟರ್ ತನ್ನ ಹೆಸರನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಸಿಕೊಂಡರು. ಶೆಪರ್ಡ್ 2010ರಲ್ಲಿ, ತೊಂಬತ್ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೂ, 2014ರಲ್ಲಿ ಜೀಟರ್ ಆಟ ಬಿಡುವವರೆಗೆ, ತವರಿನ ಮೈದಾನದಲ್ಲಿ ಬ್ಯಾಟ್ ಹಿಡಿದು ಬರುವಾಗಲೆಲ್ಲ ಆ ದನಿ ಕೇಳಿಸುತ್ತಲೇ ಇತ್ತು. ಹೌದು, ಅದು ರೆಕಾರ್ಡಿಂಗೇ. ಆದರೆ ಒಬ್ಬ ಆಟಗಾರ ಒಬ್ಬ ಮುದುಕರ ದನಿಯೇ ತನಗೆ ಬೇಕು ಅಂತ ಹಟ ಹಿಡಿದು ಮಾಡಿಸಿಕೊಂಡಿದ್ದು. ಉಳಿದವರ ಹೆಸರು ಹೇಳಲು ಆ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯ ಕೂತೇ ಇದ್ದರು. ನೀವು ಮಾಡಹೊರಟಿರುವುದು ಕೋಣೆಯನ್ನೇ ಖಾಲಿ ಮಾಡುವ ಕೆಲಸ.

ದುಡ್ಡಿನ ಮಾತು ಇದರಲ್ಲಿ ಇದೆ, ನಾನೇನು ಮಗುವಲ್ಲ. ಆದರೆ ಮೇಷ್ಟ್ರಿಗೆ ನೀವು ಕೊಡುತ್ತಿದ್ದುದು ಎಷ್ಟು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅದನ್ನು ಉಳಿತಾಯ ಅಂತ ಕರೆಯಲು ಸ್ವಲ್ಪ ನಾಚಿಕೆಯಾಗಬೇಕು.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ಪೂರ್ವದ ಗ್ಯಾಲರಿಯ ಆ ಎರಡು ಹಾರ್ನು ಸರಿಮಾಡಿಸಿ, ಅದೂ ಕೊನೆಯ ಪಂದ್ಯಕ್ಕೆ ಮುಂಚೆ. ಒಂದೇ ಒಂದು ದಿನವಾದರೂ ಅವರ ದನಿ ನಮಗೆ ಒಂದೇ ಸಲ ಕೇಳಿಸಲಿ. ಆ ನೋಟ್‌ಬುಕ್ಕುಗಳನ್ನು ಹಳೇ ಕಾಗದದ ಜೊತೆ ತೂಕಕ್ಕೆ ಹಾಕಬೇಡಿ. ಈ ಮೈದಾನದಲ್ಲಿ ಆಡಿದ ಪ್ರತಿಯೊಬ್ಬರ ಹೆಸರೂ ಅವರ ಅಮ್ಮ ಕರೆದ ಹಾಗೆ ಬರೆದಿಟ್ಟಿರುವುದು ಅಲ್ಲೊಂದೇ ಕಡೆ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೂ ಸರಿ, ಆದರೆ ಮುಂದೆ ಆ ಸ್ಟೂಲಿನಲ್ಲಿ ಕೂರುವವರ ಕೈಗೆ ಸಿಗುವ ಹಾಗಿರಲಿ. ಮತ್ತೆ, ಕೂರುವವರು ಬೇಕು. ಎರಡು ತಿಂಗಳು ಮೇಷ್ಟ್ರ ಪಕ್ಕ ಎರಡನೇ ಸ್ಟೂಲಿನಲ್ಲಿ ಕೂತು ಕಲಿಯಲು ಸಿದ್ಧ ಇರುವ ಹುಡುಗ ಹುಡುಗಿಯರು ನಮ್ಮಲ್ಲಿ ಇದ್ದಾರೆ. ಒಬ್ಬಳ ಹೆಸರು ನಾನೇ ಕೊಡಬಲ್ಲೆ. ಅವಳು ಖಾಲಿ ಗ್ಯಾಲರಿಯಲ್ಲಿ ಟೀಮ್ ಲಿಸ್ಟ್ ಓದಿ ಪ್ರಾಕ್ಟೀಸ್ ಮಾಡುವುದನ್ನು ನೋಡಿದ್ದೇನೆ, ತಡೆ ಕೂಡ ಹೆಚ್ಚುಕಮ್ಮಿ ಸರಿ ಹಿಡಿದಿದ್ದಾಳೆ.

ಹಾಫ್ ಟೈಮ್ ಸಮಾರಂಭದ ಬಗ್ಗೆ ಮೇಷ್ಟ್ರನ್ನೇ ಕೇಳಿದೆ. ಅವರು ನಿಮ್ಮ ನೋಟಿಸನ್ನು ಎರಡು ಸಲ ಓದಿದರು, ಜೇಬಿನಿಂದ ಪೆನ್ಸಿಲ್ ತೆಗೆದರು, ಅದರಲ್ಲಿ ತಪ್ಪಾಗಿ ಅಚ್ಚಾಗಿದ್ದ ತಮ್ಮದೇ ಹೆಸರನ್ನು ತಿದ್ದಿದರು. ಆಮೇಲೆ, 'ಭಾಷಣ ಚಿಕ್ಕದಾಗಿರಲಿ ಅಂತ ಹೇಳು, ಸೆಕೆಂಡ್ ಹಾಫ್ ತಡ ಆಗಬಾರದು' ಅಂದರು. ತಿದ್ದಿದ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಫಲಕ ಕೆತ್ತಿಸಲು ಕೊಡುವ ಮೊದಲು ದಯವಿಟ್ಟು ನೋಡಿಕೊಳ್ಳಿ.

ಕೊನೆಯ ಪಂದ್ಯದ ದಿನವೂ ಅವರು ಒಂದು ಗಂಟೆ ಮೊದಲೇ ಬರುತ್ತಾರೆ. ಈಗ ಮಂಡಿ ನೋವು ಜಾಸ್ತಿಯಾಗಿದೆ, ಗೋಡೆ ಹಿಡಿದುಕೊಂಡು ಹತ್ತುತ್ತಾರೆ. ಉಳಿದದ್ದು ಆಗುತ್ತೋ ಇಲ್ಲವೋ, ಆ ಹದಿನಾಲ್ಕು ಮೆಟ್ಟಿಲಿಗೆ ಒಂದು ಬಲ್ಬು ಹಾಕಿಸಿ.

ಇಂತಿ,
ಪೂರ್ವದ ಗ್ಯಾಲರಿಯ ಒಬ್ಬ ಹಳೇ ಚೀಟಿ ಹುಡುಗ